ದೂರದ ಗಣಕಯಂತ್ರವೂ ರಿಸೀವರಿನ ಹೊಣೆಯೂ

ನಮ್ಮ ಬುಕ್ಕಾಂಬುಧಿಯ ಹೆಸರಿನಲ್ಲಿಯೇ 'ಅಂಬುಧಿ' ಇದೆ. ಅಂಬುಧಿಯೆಂದರೆ ಸಮುದ್ರ. ದೊಡ್ಡ ಕೆರೆಗಳನ್ನು ಸಮುದ್ರ, ಸಾಗರ, ಅಂಬುಧಿ ಎಂದು ಕರೆಯುವುದು ಕನ್ನಡನಾಡಿನ ಹಳೆಯ ರೂಢಿ. ಕೆರೆಯ ನೀರು ಒಂದೆಡೆ ನಿಂತಿರುತ್ತದೆ. ಅದನ್ನು ಉಣ್ಣುವ ಗದ್ದೆ ಬೇರೊಂದೆಡೆ ಇರುತ್ತದೆ. ನಡುವೆ ತೂಬು, ಕಾಲುವೆ, ಕೊನೆಗೆ ಗದ್ದೆಯ ಬದುವಿನಲ್ಲಿ ತೆರೆಯುವ ಮಡೆ. ಯಾರ ಮಡೆ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ನಿರ್ಣಯಿಸುವವನು ನೀರುಗಂಟಿ. ಕೆರೆ ತುಂಬಿ ತುಳುಕುತ್ತಿದ್ದರೂ ಮಡೆಯ ನಿರ್ಣಯ ತಪ್ಪಿದರೆ ಒಬ್ಬನ ಗದ್ದೆ ಒಣಗುತ್ತದೆ, ಇನ್ನೊಬ್ಬನ ಬೆಳೆ ಕೊಳೆಯುತ್ತದೆ.

ಗಣಕಯಂತ್ರದ ವಿಷಯವನ್ನು ಹೇಳಹೊರಟವನು ಕೆರೆಯಿಂದ ಆರಂಭಿಸಿದುದಕ್ಕೆ ಕಾರಣವುಂಟು. ಇಂದು ಅನೇಕ ಶಾಲೆಗಳಲ್ಲಿ, ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ಗಣಕಯಂತ್ರವು ಒಂದು ಕೊಠಡಿಯಲ್ಲಿರುತ್ತದೆ. ಅದರಲ್ಲಿ ಕೆಲಸ ಮಾಡುವವನು ಮತ್ತೊಂದು ಕೊಠಡಿಯಲ್ಲಿ ಕುಳಿತಿರುತ್ತಾನೆ. ಕೆಲಸಗಾರನ ಕಡೆ ಇರುವ ಪುಟ್ಟ ಪೆಟ್ಟಿಗೆಗೆ 'ರಿಸೀವರ್' ಎಂದು ಹೆಸರು. ಅದನ್ನು 'ಗ್ರಾಹಕ' ಎಂದು ಅನುವಾದಿಸಬಹುದಾಗಿತ್ತು. ಆದರೆ ಗ್ರಹಿಸುವವನೆಂಬ ಮೂಲಾರ್ಥವು ಹಿಂದೆ ಸರಿದು, ಈಗ ಗ್ರಾಹಕನೆಂದರೆ ಅಂಗಡಿಗೆ ಬರುವವನೆಂದೇ ಅರ್ಥವಾಗಿರುವುದರಿಂದ ರೂಢಿಯ ಮಾತನ್ನೇ ಇಲ್ಲಿ ಉಳಿಸಿಕೊಂಡಿದ್ದೇನೆ. ಈ ಪೆಟ್ಟಿಗೆಯೇ ನಮ್ಮ ಗದ್ದೆಯ ಮಡೆ. ಇದನ್ನು ಯಾವ ಕ್ರಮದಲ್ಲಿ ವ್ಯವಸ್ಥೆಗೊಳಿಸಬೇಕು, ಆ ವ್ಯವಸ್ಥೆಯ ಹೊಣೆ ಯಾರದು ಎಂಬುದು ಪ್ರಸ್ತುತ ಲೇಖನದ ವಿಷಯ. ಹಳಗನ್ನಡ ವ್ಯಾಕರಣವನ್ನು ಪಾಠ ಹೇಳುವವನಿಗೆ ಈ ಗೊಡವೆಯೇಕೆ ಎಂದು ವಾಚಕ ಮಹಾಶಯರು ಕೇಳಬಹುದು. ಅದಕ್ಕೆ ಉತ್ತರವನ್ನು ಮುಂದೆ ಒಂದು ಪ್ರಸಂಗದ ಮೂಲಕ ನಿವೇದಿಸುವೆನು.

ಎರಡು ಮಾರ್ಗಗಳು

ದೂರದ ಗಣಕಯಂತ್ರವನ್ನು ಬಳಸುವುದಕ್ಕೆ ಮುಖ್ಯವಾಗಿ ಎರಡು ಮಾರ್ಗಗಳಿವೆ. ಮೊದಲನೆಯದು ಕೆ.ವಿ.ಎಂ. ಪದ್ಧತಿ. ಕೀಬೋರ್ಡ್, ವಿಡಿಯೋ, ಮೌಸ್ ಎಂಬ ಮೂರು ಪದಗಳ ಆದ್ಯಕ್ಷರಗಳಿಂದ ಈ ಹೆಸರು ಬಂದಿದೆ. ಗಣಕಯಂತ್ರದ ಬಳಿ 'ಟ್ರಾನ್ಸ್‌ಮಿಟರ್' ಎಂಬ ಪೆಟ್ಟಿಗೆ. ಅದು ಯಂತ್ರದಿಂದ ಹೊರಡುವ ಚಿತ್ರವನ್ನು ಹಿಡಿದು ಜಾಲದ ಮೂಲಕ ಕಳುಹಿಸುತ್ತದೆ. ಕೆಲಸಗಾರನ ಬಳಿ ರಿಸೀವರ್; ಅದು ಆ ಚಿತ್ರವನ್ನು ಪರದೆಗೆ ಕೊಡುತ್ತದೆ ಮತ್ತು ಕೀಲಿಮಣೆ ಹಾಗೂ ಮೌಸುಗಳ ಚಲನೆಯನ್ನು ಹಿಂದಕ್ಕೆ ಕಳುಹಿಸುತ್ತದೆ. ನಡುವೆ 'ಸ್ವಿಚ್' ಎಂಬ ಕೂಡುಪೆಟ್ಟಿಗೆ. ಇಲ್ಲಿ ಗಣಕಯಂತ್ರದೊಳಗೆ ಯಾವ ತಂತ್ರಾಂಶವನ್ನೂ ಹಾಕಬೇಕಾಗಿಲ್ಲ. ತನ್ನ ಮುಂದೆಯೇ ಪರದೆ ಹಾಗೂ ಕೀಲಿಮಣೆಗಳು ಇವೆಯೆಂದು ಯಂತ್ರವು ಭಾವಿಸುತ್ತದೆ. ಆದುದರಿಂದ ಯಂತ್ರವು ಇನ್ನೂ ಪೂರ್ಣವಾಗಿ ಎಚ್ಚರಗೊಳ್ಳದ ಆರಂಭದ ಹಂತವನ್ನೂ ದೂರದಿಂದಲೇ ನೋಡಬಹುದು.

ಎರಡನೆಯದು 'ರಿಮೋಟ್ ಡೆಸ್ಕ್‌ಟಾಪ್' ಪದ್ಧತಿ. ಇಲ್ಲಿ ಕಳುಹಿಸುವ ಕೆಲಸವನ್ನು ಗಣಕಯಂತ್ರದೊಳಗಿನ ತಂತ್ರಾಂಶವೇ ಮಾಡುತ್ತದೆ. ಬೇರೆ ಪೆಟ್ಟಿಗೆ ಬೇಡ, ಖರ್ಚು ಕಡಮೆ. ಆದರೆ ಆ ಯಂತ್ರದ ಕಾರ್ಯವ್ಯವಸ್ಥೆಯೇ ಸ್ತಬ್ಧವಾದರೆ ದೂರದವನಿಗೆ ಏನೂ ಕಾಣದು. ಮೈಕ್ರೋಸಾಫ್ಟ್ ಸಂಸ್ಥೆಯು ಇಂತಹ ಪದ್ಧತಿಯನ್ನು ತನ್ನ ವಿಂಡೋಸ್ ಎನ್.ಟಿ. 4.0 ವ್ಯವಸ್ಥೆಯ ಟರ್ಮಿನಲ್ ಸರ್ವರ್ ಆವೃತ್ತಿಯಲ್ಲಿ 1998ರಲ್ಲಿ ಬಳಕೆಗೆ ತಂದಿತು. ಅದೇ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಪ್ರಯೋಗಾಲಯವೊಂದರಲ್ಲಿ ವಿ.ಎನ್.ಸಿ. ಎಂಬ ಮತ್ತೊಂದು ಪದ್ಧತಿಯು ರೂಪುಗೊಂಡಿತು.

ಕೈ ಒಂದೆಡೆ, ಯಂತ್ರ ಮತ್ತೊಂದೆಡೆ ಎಂಬ ಕಲ್ಪನೆ ಇವೆರಡಕ್ಕಿಂತಲೂ ಹಳೆಯದು. ಅಮೆರಿಕದ ಡಗ್ಲಾಸ್ ಎಂಗೆಲ್‌ಬರ್ಟ್ ಅವರು 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಭೆಯೊಂದರಲ್ಲಿ ಮೌಸನ್ನು ಸಾರ್ವಜನಿಕರ ಮುಂದೆ ಪ್ರದರ್ಶಿಸಿದರು. ಅವರ ಕೈಯಲ್ಲಿ ಮೌಸು, ಮುಂದೆ ಕೀಲಿಮಣೆ, ಹಿಂದೆ ದೊಡ್ಡ ಪರದೆ. ಗಣಕಯಂತ್ರವಾದರೋ ಸುಮಾರು 48 ಕಿಲೋಮೀಟರ್ ದೂರದ ಮೆನ್ಲೋ ಪಾರ್ಕಿನಲ್ಲಿತ್ತು! ಮೌಸು ಲೋಕಕ್ಕೆ ಪರಿಚಯವಾದ ದಿನವೇ ಅದು ದೂರದ ಯಂತ್ರವನ್ನು ನಡೆಸಿತೆಂಬುದು ಸ್ಮರಣೀಯ.

ಹೊಸಕೋಟೆಯ ನಿದರ್ಶನ

ನಮ್ಮ ನಾಡಿನಲ್ಲಿಯೂ ಇಂತಹ ನಿದರ್ಶನವೊಂದಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಲಡಾಖಿನ ಹಾನ್ಲೆ ಎಂಬಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ದರ್ಪಣವುಳ್ಳ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಸ್ಥಾಪಿಸಿದೆ. ಅದು 2000ದಲ್ಲಿ ಮೊದಲ ಬಾರಿಗೆ ನಕ್ಷತ್ರದ ಬೆಳಕನ್ನು ಕಂಡಿತು. ಆ ಎತ್ತರದಲ್ಲಿ ಗಾಳಿ ತೆಳು, ಚಳಿ ತೀವ್ರ. ವಿದ್ವಾಂಸರು ಪ್ರತಿ ರಾತ್ರಿ ಅಲ್ಲಿಯೇ ಕುಳಿತು ಅವಲೋಕಿಸುವುದು ಕಷ್ಟ. ಆದುದರಿಂದ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆಯ ಕೇಂದ್ರದಲ್ಲಿ ಕುಳಿತು, ಉಪಗ್ರಹ ಸಂಪರ್ಕದ ಮೂಲಕ ಆ ದೂರದರ್ಶಕವನ್ನು ತಿರುಗಿಸಿ ಆಕಾಶವನ್ನು ನೋಡುವ ಏರ್ಪಾಡಾಯಿತು.

ಇಲ್ಲಿ ಕಲಿಯತಕ್ಕ ಅಂಶವೊಂದುಂಟು. ಭೂಸ್ಥಿರ ಉಪಗ್ರಹವು ಭೂಮಿಯಿಂದ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಒಂದು ಆಜ್ಞೆ ಮೇಲೆ ಹೋಗಿ ಕೆಳಗೆ ಇಳಿಯಲು 71,000 ಕಿಲೋಮೀಟರುಗಳಿಗಿಂತ ಹೆಚ್ಚು ದಾರಿಯನ್ನು ಕ್ರಮಿಸಬೇಕು. ಕ್ಷಣಕ್ಕೆ, ಎಂದರೆ ಒಂದು ಸೆಕೆಂಡಿಗೆ, 3 ಲಕ್ಷ ಕಿಲೋಮೀಟರ್ ವೇಗದ ಬೆಳಕಿನ ಗತಿಯಲ್ಲಿಯೂ ಅದಕ್ಕೆ ಕಾಲು ಸೆಕೆಂಡು ಬೇಕು; ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡು. ಅಂತಹ ಹಾದಿಯಲ್ಲಿ ಮೌಸನ್ನು ಸರಿಸಿದರೆ ಪರದೆಯ ಬಾಣವು ಅರ್ಧ ಸೆಕೆಂಡು ತಡವಾಗಿ ಸರಿಯುವುದು. ಒಂದೇ ಕಟ್ಟಡದೊಳಗಿನ ಕೇಬಲಿನಲ್ಲಿ ಈ ವಿಳಂಬ ತಿಳಿಯುವುದೇ ಇಲ್ಲ. ಆದುದರಿಂದ ಶಾಲೆಯ ಆವರಣದೊಳಗೆ ಕೆ.ವಿ.ಎಂ., ಊರೂರುಗಳ ನಡುವೆ ರಿಮೋಟ್ ಡೆಸ್ಕ್‌ಟಾಪ್ ಎಂಬ ವಿಭಾಗವು ಸಾಮಾನ್ಯವಾಗಿ ಯುಕ್ತವೆನಿಸುತ್ತದೆ.

ನಾಲ್ಕು ಅನುಬಂಧಗಳು

ಶಾಸ್ತ್ರಗ್ರಂಥವನ್ನು ಆರಂಭಿಸುವ ಮೊದಲು ನಮ್ಮ ಪೂರ್ವಿಕರು ನಾಲ್ಕು ಅನುಬಂಧಗಳನ್ನು ನಿಶ್ಚಯಿಸಿಕೊಳ್ಳುತ್ತಿದ್ದರು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ರಿಸೀವರಿನ ವ್ಯವಸ್ಥೆಯನ್ನು ತಂತ್ರಜ್ಞರು ಹತ್ತಾರು ಹೆಸರುಗಳಲ್ಲಿ ಹೇಳುವರಾದರೂ ಅವೆಲ್ಲವೂ ಈ ನಾಲ್ಕರಲ್ಲಿಯೇ ಅಡಗುತ್ತವೆಂದು ನನಗೆ ತೋರಿದೆ. ಕಾರ್ಯಸೌಕರ್ಯಕ್ಕಾಗಿ ಸಂಬಂಧವನ್ನು ಮೊದಲು ಹೇಳುವೆನು.

ಸಂಬಂಧ: ಜಾಲದಲ್ಲಿರುವ ಪ್ರತಿಯೊಂದು ಪೆಟ್ಟಿಗೆಗೂ ಒಂದು ಐ.ಪಿ. ವಿಳಾಸ ಬೇಕು. ಅದು ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ ಗುಂಪು, ಉದಾಹರಣೆಗೆ 192.168.10.21. ಇದರೊಡನೆ 255.255.255.0 ಎಂಬಂತಹ 'ಮಾಸ್ಕ್' ಇರುತ್ತದೆ. ಯಾವ ವಿಳಾಸಗಳು ನಮ್ಮ ಕೇರಿಗೆ ಸೇರಿದವು, ಯಾವುವು ಹೊರಗಿನವು ಎಂಬುದನ್ನು ಅದು ತಿಳಿಸುತ್ತದೆ. ಈ ಮಾಸ್ಕಿನ ಒಂದು ಕೇರಿಯಲ್ಲಿ 254 ಪೆಟ್ಟಿಗೆಗಳಿಗೆ ವಿಳಾಸ ಕೊಡಬಹುದು. ಕಾರ್ಖಾನೆಯಿಂದ ಬರುವ ಪೆಟ್ಟಿಗೆಗಳಲ್ಲಿ ಅನೇಕ ವೇಳೆ ಒಂದೇ ವಿಳಾಸವು ಮೊದಲೇ ತುಂಬಿರುತ್ತದೆ. ಎರಡು ಹೊಸ ಪೆಟ್ಟಿಗೆಗಳನ್ನು ಒಮ್ಮೆಲೇ ಜೋಡಿಸಿದರೆ, ಒಂದೇ ಸಂಖ್ಯೆಯ ಎರಡು ಮನೆಗಳ ಮುಂದೆ ನಿಂತ ಅಂಚೆಯವನ ಪಾಡು ಜಾಲಕ್ಕೆ ಬರುತ್ತದೆ. ಆದುದರಿಂದ ಒಂದೊಂದನ್ನೇ ಜೋಡಿಸಿ, ವಿಳಾಸವನ್ನು ಬದಲಿಸಿ, ಅನಂತರ ಮುಂದಿನದನ್ನು ಜೋಡಿಸಬೇಕು. ವಿಳಾಸವನ್ನು ತಾನಾಗಿ ಹಂಚುವ ವ್ಯವಸ್ಥೆಯೂ ಉಂಟು. ಆದರೆ ಅದರಲ್ಲಿ ವಿಳಾಸವು ಬದಲಾಗುವ ಸಂಭವವಿರುವುದರಿಂದ ರಿಸೀವರುಗಳಿಗೆ ಸ್ಥಿರವಿಳಾಸವನ್ನು ಕೊಡುವುದು ಮೇಲು.

ವಿಳಾಸವಾದ ಮೇಲೆ ಜೋಡಣೆ. ಯಾವ ರಿಸೀವರ್ ಯಾವ ಟ್ರಾನ್ಸ್‌ಮಿಟರಿನ ಚಿತ್ರವನ್ನು ತೆಗೆದುಕೊಳ್ಳಬೇಕೆಂಬುದನ್ನು ಪಟ್ಟಿಯಲ್ಲಿ ಗುರುತಿಸಬೇಕು. ಕೆಲವು ಪೆಟ್ಟಿಗೆಗಳಲ್ಲಿ ಇದನ್ನು ಚಾನಲ್ ಸಂಖ್ಯೆಯಿಂದ ಮಾಡುತ್ತಾರೆ. ಒಂದು ಕಂಪನಿಯ ಟ್ರಾನ್ಸ್‌ಮಿಟರು ಬೇರೆ ಕಂಪನಿಯ ರಿಸೀವರಿನೊಡನೆ ಸಾಮಾನ್ಯವಾಗಿ ಮಾತನಾಡುವುದಿಲ್ಲ. ದಾನಿಗಳು ಬೇರೆ ಬೇರೆ ವರ್ಷಗಳಲ್ಲಿ ಕೊಡಿಸುವಾಗ ಇದನ್ನು ನೆನಪಿಡಬೇಕು. ತಾಮ್ರದ ಕೇಬಲು 100 ಮೀಟರಿಗಿಂತ ಉದ್ದವಾಗಬಾರದು. ಅದಕ್ಕೂ ದೂರವಾದರೆ ನಡುವೆ ಸ್ವಿಚ್ ಇಡಬೇಕು ಇಲ್ಲವೇ ಗಾಜಿನ ತಂತುವಿನ ಕೇಬಲನ್ನು ಎಳೆಯಬೇಕು.

ವಿಷಯ: ಬರುವ ಚಿತ್ರ ಎಂತಹುದು? ಇಂದಿನ ಸಾಮಾನ್ಯ ಪರದೆಯಲ್ಲಿ ಅಡ್ಡಲಾಗಿ 1,920, ಉದ್ದಕ್ಕೆ 1,080, ಒಟ್ಟು 20,73,600 ಚುಕ್ಕಿಗಳಿರುತ್ತವೆ. ಪ್ರತಿಯೊಂದು ಚುಕ್ಕಿಯ ಬಣ್ಣಕ್ಕೆ 24 ಬಿಟ್ಟುಗಳು. ಸೆಕೆಂಡಿಗೆ 60 ಚಿತ್ರಗಳು. ಗುಣಿಸಿದರೆ ಸೆಕೆಂಡಿಗೆ ಸುಮಾರು 298 ಕೋಟಿ ಬಿಟ್ಟುಗಳಾಗುತ್ತವೆ. ಸಾಮಾನ್ಯ ಗಿಗಾಬಿಟ್ ಜಾಲದ ಸಾಮರ್ಥ್ಯವು ಸೆಕೆಂಡಿಗೆ 100 ಕೋಟಿ ಮಾತ್ರ. ಆದುದರಿಂದ ಚಿತ್ರವನ್ನು ಸಂಕ್ಷೇಪಿಸಿಯೇ ಕಳುಹಿಸಬೇಕಾಗುತ್ತದೆ. ಅತಿಯಾಗಿ ಸಂಕ್ಷೇಪಿಸಿದರೆ ಕನ್ನಡದ ಪಾಠಕ್ಕೆ ಮೊದಲು ಹಾನಿ: ಒತ್ತಕ್ಷರಗಳು ಮಸುಕಾಗಿ, ಬಣ್ಣದ ಅಕ್ಷರಗಳ ಅಂಚು ಕದಡಿ, ಹಿಂದಿನ ಸಾಲಿನ ಹುಡುಗನಿಗೆ ತಲಕಟ್ಟು ಯಾವುದು, ದೀರ್ಘ ಯಾವುದು ಎಂದು ತಿಳಿಯದೆ ಹೋಗುತ್ತದೆ. ಅಕ್ಷರಪಾಠಕ್ಕೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆಯನ್ನು ತಗ್ಗಿಸಿ ಸ್ಪಷ್ಟತೆಯನ್ನು ಉಳಿಸಿಕೊಳ್ಳಬೇಕು. ಚಲನಚಿತ್ರಕ್ಕೆ ಇದರ ವಿಪರ್ಯಯ.

ಪರದೆಯು ತನ್ನ ಸಾಮರ್ಥ್ಯವನ್ನು ಗಣಕಯಂತ್ರಕ್ಕೆ ತಿಳಿಸುವ ಸಣ್ಣ ವಿವರಪತ್ರವೊಂದುಂಟು, ಅದನ್ನು ಇ.ಡಿ.ಐ.ಡಿ. ಎನ್ನುತ್ತಾರೆ. ದೂರದ ವ್ಯವಸ್ಥೆಯಲ್ಲಿ ಈ ಪತ್ರವನ್ನು ರಿಸೀವರು ಹಿಂದಕ್ಕೆ ಒಯ್ದು ಮುಟ್ಟಿಸಬೇಕು. ಸಭಾಂಗಣದ ಹಳೆಯ ಪ್ರೊಜೆಕ್ಟರಿಗೆ ತಾಳದ ಚಿತ್ರ ಬಂದರೆ ಪರದೆ ಕಪ್ಪಾಗುತ್ತದೆ. ಯಂತ್ರ ಕೆಟ್ಟಿತೆಂದು ಜನ ಗಾಬರಿಯಾಗುತ್ತಾರೆ. ಕೆಟ್ಟಿರುವುದು ಯಂತ್ರವಲ್ಲ, ಪರಸ್ಪರ ಪರಿಚಯ. ಒಂದೇ ಪಾಠವನ್ನು ಹಲವು ಕೊಠಡಿಗಳಿಗೆ ಒಮ್ಮೆಲೇ ಕಳುಹಿಸುವ 'ಮಲ್ಟಿಕಾಸ್ಟ್' ಎಂಬ ಕ್ರಮವೂ ಉಂಟು. ಆಗ ಕೇಳಿದ ಕೊಠಡಿಗೆ ಮಾತ್ರ ಚಿತ್ರವನ್ನು ಬಿಡುವಂತೆ ಸ್ವಿಚ್ಚನ್ನೂ ವ್ಯವಸ್ಥೆಗೊಳಿಸಬೇಕು. ಇಲ್ಲವಾದರೆ ಚಿತ್ರವು ಎಲ್ಲ ಕಾಲುವೆಗಳಿಗೂ ನುಗ್ಗಿ ಕಚೇರಿಯ ಕೆಲಸವೇ ನಿಂತುಹೋಗುತ್ತದೆ.

ಪ್ರಯೋಜನ: ಈ ರಿಸೀವರ್ ನೋಡುವುದಕ್ಕೋ, ಮಾಡುವುದಕ್ಕೋ? ಇಲ್ಲಿ ಮೂರು ಬಗೆಗಳಿವೆ. ಕೇವಲ ನೋಡುವುದು, ಇತರರೊಡನೆ ಹಂಚಿಕೊಂಡು ಕೆಲಸ ಮಾಡುವುದು, ಬೇರೆ ಯಾರೂ ಪ್ರವೇಶಿಸದಂತೆ ಒಬ್ಬನೇ ಮಾಡುವುದು. ತರಗತಿಯ ಪರದೆಗೆ ಮೊದಲನೆಯದು ಸಾಕು. ಗುಮಾಸ್ತರ ಮೇಜಿಗೆ ಮೂರನೆಯದು ಬೇಕು.

ಇಲ್ಲಿಯೇ ಕನ್ನಡ ಬೆರಳಚ್ಚಿನ ಒಂದು ಸಂದೇಹವನ್ನು ಪರಿಹರಿಸುವೆನು. ಕೆ.ವಿ.ಎಂ. ರಿಸೀವರಿಗೆ 'ಕ' ಎಂಬ ಅಕ್ಷರದ ಜ್ಞಾನವಿಲ್ಲ. ಯಾವ ಕೀಲಿ ಒತ್ತಲ್ಪಟ್ಟಿತೆಂಬ ಸಂಖ್ಯೆಯನ್ನು ಮಾತ್ರ ಅದು ಕಳುಹಿಸುತ್ತದೆ. ಅದನ್ನು ಅಕ್ಷರವಾಗಿಸುವುದು ಗಣಕಯಂತ್ರದೊಳಗಿನ 'ನುಡಿ' ಮೊದಲಾದ ತಂತ್ರಾಂಶ. ಶ್ರೀ ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವನ್ನು ಬಳಸುವವರು ಅದನ್ನು ಯಂತ್ರದಲ್ಲಿ ಆರಿಸಿಕೊಳ್ಳಬೇಕೇ ಹೊರತು ರಿಸೀವರಿನಲ್ಲಿ ಹುಡುಕಬಾರದು. ಒಂದು ಯಂತ್ರದಿಂದ ಇನ್ನೊಂದಕ್ಕೆ ಹೊರಳಲು ಕೆಲವು ಪೆಟ್ಟಿಗೆಗಳಲ್ಲಿ ಸ್ಕ್ರೋಲ್ ಲಾಕ್ ಕೀಲಿಯನ್ನು ಎರಡು ಬಾರಿ ಒತ್ತುವ ಸಂಕೇತವಿರುತ್ತದೆ. ಬೆರಳಚ್ಚಿನ ನಡುವೆ ಅಕಸ್ಮಾತ್ ಬಾರದಂತಹ ಸಂಕೇತವನ್ನೇ ಆರಿಸಬೇಕು.

ಅಧಿಕಾರಿ: ಯಾರು ಯಾವ ಯಂತ್ರವನ್ನು ನೋಡಬಹುದು, ಮುಟ್ಟಬಹುದು? ಇದು ನಾಲ್ಕರಲ್ಲಿ ಕೊನೆಯದು. ಅವಸರದಲ್ಲಿ ಬಿಟ್ಟುಹೋಗುವುದೂ ಇದೇ. ಮೊದಲ ಮೂರು ಸರಿಯಾದೊಡನೆ ಪರದೆಯ ಮೇಲೆ ಚಿತ್ರ ಮೂಡುತ್ತದೆ. ಚಿತ್ರ ಮೂಡಿದೊಡನೆ ಕೆಲಸ ಮುಗಿಯಿತೆಂದು ಎಲ್ಲರೂ ಏಳುತ್ತಾರೆ.

ಒಂದು ಪ್ರಸಂಗ

ಕೆಲವು ವರ್ಷಗಳ ಹಿಂದೆ ಬೇರೆ ಊರಿನ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ನಾನು ಅತಿಥಿಯಾಗಿ ಹೋಗಿದ್ದೆನು. ಸಭಾಂಗಣದಲ್ಲಿ ದೊಡ್ಡ ಪರದೆ. ಅದರ ಹಿಂದೆ ರಿಸೀವರ್. ವೇದಿಕೆಯ ಗಣಕಯಂತ್ರದಿಂದ ಮಕ್ಕಳ ಚಿತ್ರಗಳು ಮೂಡುತ್ತಿದ್ದವು. ಬಹುಮಾನ ವಿತರಣೆಯ ಹೊತ್ತಿಗೆ ವಿದ್ಯುತ್ತು ಹೋಗಿ ಬಂದಿತು. ರಿಸೀವರ್ ಹೊಸದಾಗಿ ಎಚ್ಚರಗೊಂಡು, ತನ್ನ ಪಟ್ಟಿಯ ಮೊದಲ ಹೆಸರನ್ನು ಹಿಡಿಯಿತು. ಮೊದಲ ಹೆಸರು ವೇದಿಕೆಯದಲ್ಲ, ಕಚೇರಿಯದು. ಅಲ್ಲಿ ತೆರೆದಿದ್ದ ಪುಟವು ಗೋಡೆಯಷ್ಟು ದೊಡ್ಡದಾಗಿ ಮೂಡಿತು: ಶುಲ್ಕ ಬಾಕಿಯಿರುವ ವಿದ್ಯಾರ್ಥಿಗಳ ಪಟ್ಟಿ, ಹೆಸರು, ತಂದೆಯ ಹೆಸರು, ಮೊತ್ತ.

ಅರ್ಧ ನಿಮಿಷವೂ ಆಗಿರಲಾರದು, ಯಾರೋ ಓಡಿಹೋಗಿ ಪ್ರೊಜೆಕ್ಟರನ್ನು ಆರಿಸಿದರು. ಆದರೆ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಪ್ರಬಂಧಸ್ಪರ್ಧೆಯ ಬಹುಮಾನಕ್ಕಾಗಿ ಮೆಟ್ಟಿಲ ಮೇಲೆ ನಿಂತಿದ್ದಳು. ಅವಳ ಹೆಸರು ಆ ಪಟ್ಟಿಯಲ್ಲಿತ್ತು. ಬಹುಮಾನವನ್ನು ಕೊಡಬೇಕಾದವನು ನಾನು. ಅವಳು ತಲೆಯೆತ್ತದೆ ಪುಸ್ತಕವನ್ನು ತೆಗೆದುಕೊಂಡು ಇಳಿದುಹೋದಳು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಅವಳ ತಂದೆ, ಚಪ್ಪಾಳೆಯ ನಡುವೆ, ಹೆಗಲ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಳ್ಳುತ್ತ ನೆಲವನ್ನು ನೋಡುತ್ತಿದ್ದರು. ಆ ಪುಸ್ತಕವನ್ನು ಅವಳು ಓದಿದಳೋ ಇಲ್ಲವೋ ತಿಳಿಯದು.

ಮರುದಿನ ತಂತ್ರಜ್ಞನು ಬಂದು ಪರೀಕ್ಷಿಸಿ, "ಯಂತ್ರ ಸರಿಯಾಗಿಯೇ ಇದೆ ಸಾರ್, ಸೆಟ್ಟಿಂಗ್ ಇರುವುದೇ ಹಾಗೆ" ಎಂದನಂತೆ. ಅವನ ಮಾತು ನಿಜ. ವಿಳಾಸ ಸರಿಯಿತ್ತು, ಚಿತ್ರ ನಿಚ್ಚಳವಾಗಿತ್ತು. ಸಭಾಂಗಣದ ರಿಸೀವರಿಗೆ ಕಚೇರಿಯ ಯಂತ್ರವನ್ನು ನೋಡುವ ಅಧಿಕಾರವೇಕೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅಂದಿನಿಂದ ನಾನು ಈ ವಿಷಯವನ್ನು ತಿಳಿದವರಿಂದ ಕೇಳಿ ಕೇಳಿ ಕಲಿತೆನು. ಮೇಲೆ ಹೇಳಿದ ಗೊಡವೆಯ ಪ್ರಶ್ನೆಗೆ ಇದೇ ಉತ್ತರ.

ಪಾಲಿಸತಕ್ಕ ಕ್ರಮ

ಹಾಗಾದರೆ ಮಾಡಬೇಕಾದುದೇನು? ಸಭಾಂಗಣ ಮತ್ತು ತರಗತಿಗಳ ರಿಸೀವರುಗಳ ಪಟ್ಟಿಯಲ್ಲಿ ಕಚೇರಿಯ ಟ್ರಾನ್ಸ್‌ಮಿಟರಿನ ಹೆಸರೇ ಇರಬಾರದು. ಎರಡನ್ನೂ ಬೇರೆ ಬೇರೆ ಉಪಜಾಲಗಳಲ್ಲಿಟ್ಟರೆ ಇನ್ನೂ ಕ್ಷೇಮ. ವಿದ್ಯುತ್ತು ಮರಳಿದಾಗ ರಿಸೀವರು ಯಾವುದನ್ನು ಹಿಡಿಯಬೇಕೆಂಬುದನ್ನು ನಿರ್ದಿಷ್ಟವಾಗಿ ತುಂಬಬೇಕು. ಇಲ್ಲವೇ ಯಾರಾದರೂ ಆರಿಸುವವರೆಗೆ ಪರದೆ ಖಾಲಿಯಾಗಿರುವಂತೆ ಮಾಡಬೇಕು. ಸಂಪರ್ಕ ಕಡಿದಾಗ ಕೊನೆಯ ಚಿತ್ರವೇ ಸ್ಥಿರವಾಗಿ ನಿಲ್ಲುವ ಏರ್ಪಾಡು ಕೆಲವು ಪೆಟ್ಟಿಗೆಗಳಲ್ಲಿದೆ. ಸತ್ತ ಚಿತ್ರವು ಜೀವಂತವೆಂಬ ಭ್ರಮೆಯನ್ನು ಅದು ಹುಟ್ಟಿಸುವುದರಿಂದ ಕಪ್ಪು ಪರದೆಯನ್ನೇ ಆರಿಸುವುದು ಒಳ್ಳೆಯದು. ಕಾರ್ಖಾನೆಯ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. ಕೆಲಸಗಾರನು ಎದ್ದುಹೋದ ಕೆಲವು ನಿಮಿಷಗಳಲ್ಲಿ ಸಂಪರ್ಕವು ತಾನಾಗಿ ಮುಚ್ಚಬೇಕು. ಇಷ್ಟನ್ನು ಮಾಡಿದ ಮೇಲೆ, ಉತ್ಸವದ ಹಿಂದಿನ ದಿನ ಬೇಕೆಂದೇ ವಿದ್ಯುತ್ತನ್ನು ತೆಗೆದು ಹಾಕಿ ನೋಡಬೇಕು. ಬರಿಯ ಚಿತ್ರ ಮೂಡಿತೆಂಬುದು ಪರೀಕ್ಷೆಯಲ್ಲ. ಮೂಡಬಾರದ ಚಿತ್ರ ಮೂಡಲಿಲ್ಲವೆಂಬುದು ಪರೀಕ್ಷೆ.

ಮಕ್ಕಳ ವಿವರಗಳನ್ನು ಕಾಪಾಡುವುದು ಸೌಜನ್ಯದ ಮಾತು ಮಾತ್ರವಲ್ಲ. ಭಾರತದ ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, 18 ವರ್ಷ ತುಂಬದವರ ವಿವರಗಳನ್ನು ಬಳಸುವುದಕ್ಕೆ ತಂದೆತಾಯಿಗಳ ಸಮ್ಮತಿಯನ್ನು ವಿಧಿಸಿದೆ.

ದಾನಿಗಳಲ್ಲಿ ನನ್ನ ವಿಜ್ಞಾಪನೆ: ಪೆಟ್ಟಿಗೆಗಳನ್ನು ಕೊಡಿಸುವಾಗ, ವರ್ಷಕ್ಕೊಮ್ಮೆ ತಂತ್ರಜ್ಞನು ಬಂದು ಪರಿಶೀಲಿಸುವ ವೆಚ್ಚವನ್ನೂ ಸೇರಿಸಿ ಕೊಡಬೇಕು. ಅಧ್ಯಾಪಕ ಬಂಧುಗಳಲ್ಲಿ: ಪ್ರತಿಯೊಂದು ರಿಸೀವರಿನ ಹೆಸರು, ಕೊಠಡಿ, ವಿಳಾಸ, ಅದಕ್ಕೆ ಕಾಣುವ ಯಂತ್ರಗಳು ಇವನ್ನು ಒಂದು ರಿಜಿಸ್ಟರಿನಲ್ಲಿ ಕನ್ನಡದಲ್ಲಿ ಬರೆದಿಡಬೇಕು, ಪಾಸ್‌ವರ್ಡು ಮುದ್ರೆಯೊತ್ತಿದ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರ ಬಳಿ ಇರಬೇಕು. ಬೆಂಗಳೂರಿನಲ್ಲಿಯೂ ವಿದೇಶಗಳಲ್ಲಿಯೂ ಇದ್ದು, ಅಲ್ಲಿಂದಲೇ ಶಾಲೆಯ ಯಂತ್ರಗಳನ್ನು ಸರಿಪಡಿಸಿಕೊಡುವ ಹಳೆಯ ವಿದ್ಯಾರ್ಥಿಗಳಲ್ಲಿ: ನಿಮ್ಮ ಪ್ರೀತಿ ದೊಡ್ಡದು. ಆದರೆ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲನ್ನು ಸದಾಕಾಲ ಅಂತರ್ಜಾಲಕ್ಕೆ ತೆರೆದಿಡಬೇಡಿರಿ. ಇಲ್ಲಿ ಒಬ್ಬರು ಕುಳಿತು ಒಪ್ಪಿಗೆ ಕೊಟ್ಟಾಗ ಒಳಬಂದು, ಕೆಲಸವನ್ನು ಮುಗಿಸಿ, ಬಾಗಿಲನ್ನು ಎಳೆದುಕೊಂಡು ಹೋಗಿರಿ. ನಿಮಗಾಗಿ ತೆರೆದ ಬಾಗಿಲಿನಿಂದ ನಿಮ್ಮ ಹಿಂದೆಯೇ ಅಪರಿಚಿತನೂ ಬರಬಲ್ಲನು.

ನೀರುಗಂಟಿಯು ಕೆರೆಯನ್ನು ಕಟ್ಟಿದವನಲ್ಲ, ಗದ್ದೆಯ ಒಡೆಯನೂ ಅಲ್ಲ. ಆದರೂ ಊರಿನ ಬೆಳೆ ಅವನ ಎಚ್ಚರವನ್ನು ನಂಬಿಕೊಂಡಿರುತ್ತಿತ್ತು. ಶಾಲೆಯ ಜಾಲಕ್ಕೂ ಅಂತಹವನೊಬ್ಬನು ಬೇಕು. ಯಾವ ಶಾಲೆಯಲ್ಲಿಯೂ, ಯಾವ ಮಗುವೂ ತನ್ನ ಬಹುಮಾನವನ್ನು ತಲೆ ತಗ್ಗಿಸಿ ಸ್ವೀಕರಿಸುವಂತೆ ಆಗದಿರಲಿ ಎಂದು ಹಾರೈಸಿ, ವಿರಮಿಸುತ್ತೇನೆ.